ಒಂದೇ ಮನೇಲಿ ಇಬ್ರಿಗೆ ಟಿಬಿ ಬಂದ್ರೆ ಅದು ವಂಶದ ಕಾಯಿಲೆನಾ? ಜೀನೋಮ್ ಟೆಸ್ಟಲ್ಲಿ ಗೊತ್ತಾಗುತ್ತಾ?

ಹಿರಿಯೂರು_ಹುಡುಗ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದಿ ಗೊತ್ತಿರೋರು ಉತ್ತರ ಕೊಡಿ. ಮೂರು ವರ್ಷದ ಹಿಂದೆ ನಮ್ ಚಿಕ್ಕಪ್ಪಂಗೆ ಟಿಬಿ ಬಂದಿತ್ತು, ಸರ್ಕಾರಿ ಗುಳಿಗೆ ಆರು ತಿಂಗಳು ಒಂದು ದಿನಾನೂ ತಪ್ಪಿಸ್ದೆ ತಗೊಂಡ್ರು, ಪೂರ್ತಿ ವಾಸಿ ಆಯ್ತು, ಈಗ ತೋಟದ ಕೆಲಸ ಎಲ್ಲಾ ಅವ್ರೇ ನೋಡ್ಕೊಳ್ಳೋದು. ಈಗ ನಮ್ಮಣ್ಣಂಗೆ ಬಂದಿದೆ. ಕಫ ಕೊಟ್ಟು ಸಿಬಿನ್ಯಾಟ್ ಅನ್ನೋ ಡಿಎನ್ಎ ಟೆಸ್ಟ್ ಮಾಡಿಸಿದ್ರೆ ಟಿಬಿ ಇದೆ ಅಂತ ಬಂತು, ಅದ್ರ ಕೆಳಗೆ ರಿಫಾಂಪಿಸಿನ್ ರೆಸಿಸ್ಟೆನ್ಸ್ ಡಿಟೆಕ್ಟೆಡ್ ಅಂತ ಇನ್ನೊಂದು ಸಾಲು, ಅಂದ್ರೆ ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ಕೆಲಸ ಮಾಡಲ್ಲ ಅಂತೆ. ಚಿಕ್ಕಪ್ಪನ ಹಳೇ ರಿಪೋರ್ಟ್ ಹುಡುಕಿ ತೆಗೆದೆ, ಅದ್ರಲ್ಲಿ ನಾಟ್ ಡಿಟೆಕ್ಟೆಡ್ ಅಂತಿದೆ.

ಇದ್ರ ಮಧ್ಯೆ ತಂಗಿಗೆ ಬಂದಿದ್ದ ಸಂಬಂಧ ನಿಂತೋಯ್ತು. ಹುಡುಗನ ಕಡೆಯೋರು ನೇರವಾಗೇ ಹೇಳಿ ಕಳ್ಸಿದ್ರು, ಒಂದೇ ಮನೇಲಿ ಇಬ್ರಿಗೆ ಅಂದ್ರೆ ನಿಮ್ ವಂಶದಲ್ಲೇ ಇದೆ, ನಾಳೆ ಮಕ್ಕಳಿಗೂ ಬರುತ್ತೆ ಅಂತ. ಮನೇಲಿ ಅಜ್ಜಿ ಬೇರೆ ಎಲ್ಲಾ ಚಿಕ್ಕಪ್ಪನಿಂದಾನೇ ಆಗಿದ್ದು ಅಂತಾರೆ, ಅವ್ರು ಈಗ ನಮ್ ಮನೆಗೆ ಬರೋದೇ ಬಿಟ್ಟಿದಾರೆ, ನೋಡೋಕಾಗಲ್ಲ.

ಪೇಪರಲ್ಲಿ ಜೀನೋಮ್ ಇಂಡಿಯಾ ಅಂತ ಓದಿದ್ದೆ, ಹತ್ತು ಸಾವಿರ ಜನರ ಡಿಎನ್ಎ ಓದಿದಾರೆ, ಬೆಂಗಳೂರಿನ ಐಐಎಸ್ಸಿ ಕ್ಯಾಂಪಸ್ಸಲ್ಲಿರೋ ಬ್ರೈನ್ ರಿಸರ್ಚ್ ಸೆಂಟರ್‌ನೋರೇ ಅದನ್ನ ನಡೆಸಿದ್ದು ಅಂತ. ಹಂಗಿದ್ಮೇಲೆ ನಮ್ ಮನೆಯೋರ ಜೀನ್ ಟೆಸ್ಟ್ ಮಾಡ್ಸಿ ಟಿಬಿ ಬರುತ್ತೋ ಇಲ್ವೋ ಅಂತ ಹೇಳೋಕಾಗುತ್ತಾ? ಇನ್ನೊಂದು, ಅಣ್ಣಂಗೆ ಬಂದಿರೋದು ಚಿಕ್ಕಪ್ಪನಿಂದಾನೇನಾ ಅಂತ ತಿಳ್ಕೊಳ್ಳೋಕೆ ಏನಾದ್ರೂ ದಾರಿ ಇದೆಯಾ? ನಾನು ಬಿಎಸ್ಸಿ ಓದಿರೋನು, ಸ್ವಲ್ಪ ಬಿಡ್ಸಿ ಹೇಳಿದ್ರೆ ಅರ್ಥ ಆಗುತ್ತೆ.

ಬಿಳಿ_ಕೋಟು:

ನಾನು ಟಿಬಿ ಲ್ಯಾಬಲ್ಲೇ ಕೆಲಸ ಮಾಡೋದು, ಹಾಗಾಗಿ ಬ್ಯಾಕ್ಟೀರಿಯಾ ಕಡೆಯಿಂದ ಹೇಳ್ತೀನಿ, ಮನುಷ್ಯರ ಜೀನ್ ವಿಷ್ಯ ಗೊತ್ತಿರೋರು ಆಮೇಲೆ ಸೇರ್ಸಲಿ. ಮೊದಲು ನಿಮ್ ಚಿಕ್ಕಪ್ಪನ ವಿಷ್ಯ, ಅದೇ ಮುಖ್ಯ ಅನ್ಸುತ್ತೆ ನಂಗೆ.

ಟಿಬಿ ಬ್ಯಾಕ್ಟೀರಿಯಾದ ಜೀನೋಮನ್ನ ಪೂರ್ತಿ ಓದಿ ಪ್ರಕಟ ಮಾಡಿದ್ದು 1998ರಲ್ಲಿ, ಹತ್ರತ್ರ 44 ಲಕ್ಷ ಅಕ್ಷರ (ಡಿಎನ್ಎಯ ಒಂದೊಂದು ಘಟಕನ ಅಕ್ಷರ ಅಂತೀವಿ), ಸುಮಾರು 4000 ಜೀನ್. ನಮ್ಮದು 300 ಕೋಟಿ ಅಕ್ಷರ, ಅದಕ್ಕೆ ಹೋಲಿಸಿದ್ರೆ ಚಿಕ್ಕದು. ಈ ಬ್ಯಾಕ್ಟೀರಿಯಾ ಬಲು ನಿಧಾನ, ಬೆಳೆಯೋದೂ ನಿಧಾನ ಬದಲಾಗೋದೂ ನಿಧಾನ, ಅಷ್ಟು ಅಕ್ಷರದಲ್ಲಿ ಸರಾಸರಿ ಎರಡು ಮೂರು ವರ್ಷಕ್ಕೆ ಒಂದು ಅಕ್ಷರ ಬದಲಾಗುತ್ತೆ ಅಷ್ಟೇ. ಆ ನಿಧಾನವೇ ನಮಗೆ ಉಪಯೋಗಕ್ಕೆ ಬರೋದು. ಕ್ಲಾಸಲ್ಲಿ ಇಬ್ರು ಹುಡುಗರ ಉತ್ತರಪತ್ರಿಕೆಲಿ ಅದದೇ ಕಾಗುಣಿತ ತಪ್ಪು ಅದದೇ ಜಾಗದಲ್ಲಿ ಇದ್ರೆ ಮೇಷ್ಟ್ರಿಗೆ ಕಾಪಿ ಹೊಡ್ದಿದಾರೆ ಅಂತ ಗೊತ್ತಾಗುತ್ತಲ್ಲ, ಹಾಗೆ ಇಬ್ರು ರೋಗಿಗಳ ಬ್ಯಾಕ್ಟೀರಿಯಾನ ಪಕ್ಕಪಕ್ಕ ಇಟ್ಟು ಎಷ್ಟು ಅಕ್ಷರ ಬೇರೆ ಇದೆ ಅಂತ ಎಣಿಸ್ತಾರೆ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಮಾಡಿದ ಅಧ್ಯಯನ ಒಂದು 2013ರಲ್ಲಿ ಬಂತು, ಅದರ ಪ್ರಕಾರ 5 ಅಥವಾ ಅದಕ್ಕಿಂತ ಕಮ್ಮಿ ವ್ಯತ್ಯಾಸ ಇದ್ರೆ ಇತ್ತೀಚೆಗೆ ಒಬ್ರಿಂದ ಒಬ್ರಿಗೆ ಹರಡಿದೆ ಅಂತ ತಗೋಬಹುದು, 12ಕ್ಕಿಂತ ಜಾಸ್ತಿ ಇದ್ರೆ ಅವ್ರಿಂದ ಇವ್ರಿಗೆ ಬಂದಿರೋ ಸಾಧ್ಯತೆ ಇಲ್ಲ ಅನ್ನೋಷ್ಟು ಕಮ್ಮಿ. ಒಂದೇ ಮನೆಯೋರು, ಒಬ್ರಿಂದ ಒಬ್ರಿಗೆ ಬಂದಿದೆ ಅಂತ ಎಲ್ಲರೂ ಅನ್ಕೊಂಡಿದ್ದ ಎಷ್ಟೋ ಕೇಸಲ್ಲಿ ಬ್ಯಾಕ್ಟೀರಿಯಾನೇ ಬೇರೆ ಬೇರೆ ಅಂತ ಇದರಿಂದ ಗೊತ್ತಾಗಿದೆ.

ನಿಮ್ ಕೇಸಲ್ಲಿ ಚಿಕ್ಕಪ್ಪನ ಹಳೇ ಕಫದ ಸ್ಯಾಂಪಲ್ ಈಗ ಯಾರೂ ಇಟ್ಟಿರಲ್ಲ, ಹೋಲ್ಸೋಕಾಗಲ್ಲ. ಆದ್ರೆ ನೀವು ಹುಡುಕಿ ತೆಗೆದ ರಿಪೋರ್ಟೇ ಬೇಕಾದಷ್ಟು ಹೇಳುತ್ತೆ. ರಿಫಾಂಪಿಸಿನ್ ಕೆಲಸ ಮಾಡದಂಗೆ ಮಾಡೋ ಬದಲಾವಣೆಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಇರೋದು ಆರ್‌ಪಿಒ-ಬಿ ಅನ್ನೋ ಜೀನಿನ ಒಂದು ಸಣ್ಣ ತುಣುಕಲ್ಲಿ, ಬರೀ 81 ಅಕ್ಷರ. ಸಿಬಿನ್ಯಾಟ್ ಮಷಿನ್ ನೋಡೋದೂ ಆ ತುಣುಕನ್ನೇ, ಅದಕ್ಕೇ ಎರಡು ಗಂಟೇಲಿ ಉತ್ತರ ಕೊಡುತ್ತೆ, ಕಲ್ಚರ್, ಅಂದ್ರೆ ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸಿ ನೋಡೋದಾದ್ರೆ ವಾರಗಟ್ಟಲೆ ಕಾಯಬೇಕು. ಚಿಕ್ಕಪ್ಪನ ಬ್ಯಾಕ್ಟೀರಿಯಾದಲ್ಲಿ ಆ ತುಣುಕು ಸರಿಯಾಗೇ ಇತ್ತು, ಅವ್ರು ಮಾಮೂಲಿ ಗುಳಿಗೆಲೇ ವಾಸಿ ಆದ್ರು. ಅಣ್ಣಂದ್ರಲ್ಲಿ ಬದಲಾಗಿದೆ. ಅಣ್ಣ ಇದಕ್ಕೆ ಮುಂಚೆ ಟಿಬಿ ಔಷಧಿ ತಗೊಂಡೇ ಇಲ್ಲ ಅಂದ್ರೆ, ರೆಸಿಸ್ಟೆಂಟ್ ಬ್ಯಾಕ್ಟೀರಿಯಾ ಇರೋ ಬೇರೆ ಯಾರಿಂದಲೋ ಗಾಳಿಲಿ ಬಂದಿದೆ ಅನ್ನೋದೇ ಹೆಚ್ಚು ಸರಿಹೋಗುತ್ತೆ. ಬಸ್ಸು, ಲಾರಿ ಕ್ಯಾಬಿನ್, ಗಾರ್ಮೆಂಟ್ಸ್, ಹಾಸ್ಟೆಲ್ ಎಲ್ಲಾದ್ರೂ ಆಗಿರಬಹುದು. ಅಜ್ಜಿಗೆ ಆ ಎರಡು ರಿಪೋರ್ಟ್ ತೋರ್ಸಿ ಹೇಳಿ, ಚಿಕ್ಕಪ್ಪನ ಮೇಲೆ ಹೊರಿಸೋದು ಬೇಡ.

ಒಂದು ಎಚ್ಚರಿಕೆ ಮಾತು. ಕಫದಲ್ಲಿ ಬ್ಯಾಕ್ಟೀರಿಯಾ ತೀರಾ ಕಮ್ಮಿ ಇದ್ದಾಗ ಸಿಬಿನ್ಯಾಟ್ ಸುಮ್ನೆ ರೆಸಿಸ್ಟೆನ್ಸ್ ತೋರ್ಸಿದ್ದೂ ಉಂಟು, ರಿಪೋರ್ಟಲ್ಲಿ ವೆರಿ ಲೋ ಅಂತ ಇದ್ಯಾ ನೋಡಿ, ಇದ್ರೆ ಇನ್ನೊಂದು ಸ್ಯಾಂಪಲ್ ಕೊಟ್ಟು ಖಾತ್ರಿ ಮಾಡ್ಕೊಳ್ಳಿ. ಹೆಂಗಿದ್ರೂ ಎಲ್‌ಪಿಎ (ಯಾವ ಔಷಧಿಗೆ ರೆಸಿಸ್ಟೆನ್ಸ್ ಇದೆ ಅಂತ ಬ್ಯಾಕ್ಟೀರಿಯಾದ ಡಿಎನ್ಎ ನೋಡಿ ಹೇಳೋ ಟೆಸ್ಟ್) ಮತ್ತು ಕಲ್ಚರ್‌ಗೆ ಕಳಿಸ್ತಾರೆ, ಅದು ಬರೋವರೆಗೂ ಬೆನ್ನು ಬಿಡ್ಬೇಡಿ.

ತುಂಗಾ_ತೀರ:

ನಾನು ಹ್ಯೂಮನ್ ಜೆನೆಟಿಕ್ಸಲ್ಲಿ ಪಿಎಚ್‌ಡಿ ಮಾಡ್ತಿದೀನಿ, ಮೇಲಿನೋರು ಬಿಟ್ಟಿರೋ ಅರ್ಧ ನಾನು ಹೇಳ್ತೀನಿ.

ವಂಶದ ಕಾಯಿಲೆ ಅಲ್ಲ. ಇದು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ನಾನು ಬರೆಯೋದನ್ನ ಅರ್ಧಂಬರ್ಧ ಓದಿ ಯಾರಾದ್ರೂ ಉಲ್ಟಾ ಅರ್ಥ ಮಾಡ್ಕೋಬಾರ್ದು. ಬ್ಯಾಕ್ಟೀರಿಯಾ ಒಳಗೆ ಹೋಗದೆ ಟಿಬಿ ಬರೋಕೆ ಸಾಧ್ಯನೇ ಇಲ್ಲ, ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ 1882ರಲ್ಲೇ ಅದನ್ನ ತೋರ್ಸಿದ. ಒಂದೇ ಮನೇಲಿ ಇಬ್ರಿಗೆ ಬರೋದಕ್ಕೆ ಮೊದಲ ಕಾರಣ ಒಂದೇ ಕೋಣೆ, ಒಂದೇ ಗಾಳಿ, ಒಂದೇ ಅಡಿಗೆ.

ಆದ್ರೆ ಜೀನ್‌ಗೆ ಏನೂ ಸಂಬಂಧನೇ ಇಲ್ವಾ ಅಂದ್ರೆ, ಇದೆ. ಪ್ರಪಂಚದ ಜನರಲ್ಲಿ ಸುಮಾರು ಕಾಲು ಭಾಗದವರ ಒಳಗೆ ಟಿಬಿ ಬ್ಯಾಕ್ಟೀರಿಯಾ ಹೊಕ್ಕಿದೆ ಅಂತ ಅಂದಾಜು, ಅವ್ರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳೋರು ನೂರಕ್ಕೆ 5ರಿಂದ 10 ಜನ. ಮಿಕ್ಕೋರಿಗೆ ಯಾಕೆ ಬರಲ್ಲ? ಜರ್ಮನಿಯ ಲ್ಯೂಬೆಕ್ ಊರಲ್ಲಿ 1929-30ರಲ್ಲಿ ಒಂದು ಘೋರ ನಡೀತು, ಟಿಬಿ ತಡೆಯೋ ಬಿಸಿಜಿ ಲಸಿಕೆಗೆ ಲ್ಯಾಬಲ್ಲಿ ನಿಜವಾದ ಟಿಬಿ ಬ್ಯಾಕ್ಟೀರಿಯಾ ಸೇರ್ಕೊಂಡು, ಅದನ್ನೇ 250ಕ್ಕೂ ಹೆಚ್ಚು ಹಸುಗೂಸುಗಳಿಗೆ ಬಾಯಲ್ಲಿ ಹಾಕಿದ್ರು. 70ಕ್ಕೂ ಹೆಚ್ಚು ಕೂಸುಗಳು ತೀರ್ಕೊಂಡ್ವು. ಆದ್ರೆ ಬಹುಪಾಲು ಮಕ್ಕಳು, ಔಷಧಿನೇ ಇಲ್ಲದ ಆ ಕಾಲದಲ್ಲಿ, ಬದುಕುಳಿದ್ರು. ಎಲ್ಲಾ ಮಕ್ಕಳಿಗೂ ಒಂದೇ ಪ್ರಮಾಣ ಹೋಗಿರ್ಲಿಲ್ಲ ಅನ್ನೋದು ನಿಜ, ಆದ್ರೂ ಅಷ್ಟು ಎಳೇ ಮಕ್ಕಳಲ್ಲಿ ಇಷ್ಟು ವ್ಯತ್ಯಾಸ ಕಂಡಿದ್ದು ವಿಜ್ಞಾನಿಗಳನ್ನ ಇವತ್ತಿಗೂ ಕಾಡುತ್ತೆ. ಅವಳಿ ಮಕ್ಕಳ ಅಧ್ಯಯನದಲ್ಲೂ ಅಷ್ಟೇ, ಒಬ್ರಿಗೆ ಬಂದಾಗ ಇನ್ನೊಬ್ರಿಗೂ ಬರೋದು ತದ್ರೂಪಿ ಅವಳಿಗಳಲ್ಲಿ ಜಾಸ್ತಿ.

ಆ ಜೀನ್ ಯಾವ್ದು ಅಂತ ಹುಡುಕಿದ್ರೆ ಎರಡು ಥರ ಸಿಗುತ್ತೆ. ಒಂದು ತೀರಾ ಅಪರೂಪದ್ದು, ರೋಗನಿರೋಧಕ ಕೋಶಗಳನ್ನ ಎಚ್ಚರಿಸೋ ಗಾಮಾ ಇಂಟರ್‌ಫೆರಾನ್ ಅನ್ನೋ ಸಂಕೇತ ಕೆಲಸ ಮಾಡದೇ ಇರೋ ಮಕ್ಕಳು, 1996ರಲ್ಲಿ ಮೊದಲ ಜೀನ್ ಗೊತ್ತಾಯ್ತು. ಇವ್ರಿಗೆ ಬಿಸಿಜಿ ಲಸಿಕೆನೇ ಕಾಯಿಲೆ ಆಗಿ ಮೈಯೆಲ್ಲಾ ಹರಡುತ್ತೆ. ರಕ್ತಸಂಬಂಧದಲ್ಲಿ ಮದುವೆ ಜಾಸ್ತಿ ಇರೋ ಕಡೆ ಇಂಥ ಮಕ್ಕಳು ಹೆಚ್ಚು ಕಾಣ್ತಾರೆ. ನಿಮ್ ಚಿಕ್ಕಪ್ಪ ಮಾಮೂಲಿ ಗುಳಿಗೆಲಿ ವಾಸಿ ಆಗಿ ತೋಟ ಮಾಡ್ತಿದಾರೆ ಅಂದ್ರೆ ಅದರ ಯೋಚನೆ ಬೇಡ. ಇನ್ನೊಂದು ಟೈಕ್-2 ಅನ್ನೋ ಜೀನಿನ ಒಂದು ರೂಪ, ತಂದೆ ತಾಯಿ ಇಬ್ರಿಂದಲೂ ಅದೇ ಬಂದ್ರೆ ಟಿಬಿ ಅಪಾಯ ಏರುತ್ತೆ ಅಂತ 2018ರಲ್ಲಿ ತೋರ್ಸಿದ್ರು. ಯೂರೋಪಲ್ಲಿ ಸುಮಾರು 600 ಜನಕ್ಕೆ ಒಬ್ರು ಹಂಗಿರ್ತಾರೆ, ಏಷ್ಯಾದಲ್ಲಿ ಅದು ಇನ್ನೂ ವಿರಳ. ಹಳೇ ಅಸ್ಥಿಗಳ ಡಿಎನ್ಎ ಓದಿ ನೋಡಿದ್ರೆ ಕಳೆದ ಎರಡು ಸಾವಿರ ವರ್ಷದಲ್ಲಿ ಯೂರೋಪಿನಲ್ಲಿ ಆ ರೂಪ ಇಳೀತಾ ಬಂದಿದೆ, ಅಂದ್ರೆ ಅದನ್ನ ಹೊತ್ತೋರನ್ನ ಟಿಬಿ ಅಷ್ಟು ತಲೆಮಾರು ಬಲಿ ತಗೊಂಡಿದೆ ಅಂತ ಅರ್ಥ, ಓದಿದಾಗ ನಂಗೆ ಮೈ ಜುಮ್ಮಂದಿತ್ತು.

ಸಾಮಾನ್ಯ ಜನರಲ್ಲಿ ಇರೋ ಜೀನ್ ವ್ಯತ್ಯಾಸ ತಗೊಂಡ್ರೆ, 2024ರಲ್ಲಿ ಬಂದ ದೊಡ್ಡ ಒಟ್ಟು ವಿಶ್ಲೇಷಣೆಲಿ ಆಫ್ರಿಕಾ, ಏಷ್ಯಾ, ಯೂರೋಪ್ ಸೇರಿ 14,153 ರೋಗಿಗಳು, 19,536 ರೋಗ ಇಲ್ಲದೋರು. ಎಲ್ಲಾ ಖಂಡಕ್ಕೂ ಒಪ್ಪೋ ಗಟ್ಟಿ ಗುರುತು ಸಿಕ್ಕಿದ್ದು ಒಂದೇ ಒಂದು ಜಾಗದಲ್ಲಿ, ರೋಗನಿರೋಧಕ ಶಕ್ತಿಗೆ ಸಂಬಂಧಪಟ್ಟ ಎಚ್‌ಎಲ್‌ಎ ಜೀನ್‌ಗಳ ಹತ್ರ. ಅದೂ ಅಪಾಯನ ಸ್ವಲ್ಪ ಏರಿಸುತ್ತೆ ಅಷ್ಟೇ. ಹಾಗಾಗಿ ನಿಮ್ ಮನೆಯೋರ ಜೀನ್ ಓದಿಸಿ ಬರುತ್ತೆ ಬರಲ್ಲ ಅಂತ ಸರ್ಟಿಫಿಕೇಟ್ ಕೊಡೋ ಟೆಸ್ಟ್ ಯಾವ್ದೂ ಇಲ್ಲ. ಯಾರಾದ್ರೂ ದುಡ್ಡು ತಗೊಂಡು ಕೊಡ್ತೀವಿ ಅಂದ್ರೆ ಕೊಡ್ಬೇಡಿ. ಜೀನೋಮ್ ಇಂಡಿಯಾ ಡೇಟಾ 2025ರ ಜನವರಿಲಿ ಸಂಶೋಧಕರಿಗೆ ಬಿಟ್ಟಿದಾರೆ, ನಮ್ ದೇಶದ ಜನರಲ್ಲಿ ಯಾವ ಜೀನ್ ರೂಪ ಎಷ್ಟು ಸಾಮಾನ್ಯ ಅಂತ ನೋಡೋಕೆ ಅದು ಬಹಳ ದೊಡ್ಡ ಆಸ್ತಿ, ಇಷ್ಟು ದಿನ ನಾವು ಯೂರೋಪಿನೋರ ಅಂಕಿಅಂಶ ಇಟ್ಕೊಂಡು ನಮ್ಮೋರ ಬಗ್ಗೆ ಮಾತಾಡ್ತಿದ್ವಿ. ಆದ್ರೆ ಅದು ಸಂಶೋಧನೆಗೆ, ಹೆಣ್ಣು ನೋಡೋಕೆ ಬರೋರಿಗೆ ತೋರ್ಸೋದಕ್ಕಲ್ಲ.

ಧಾರವಾಡದಾಕಿ:

ನಂಗೂ ಟಿಬಿ ಆಗಿತ್ರಿ, ಈಗ ಆರಾಮ ಅದೀನಿ. ನಿಮ್ಮ ತಂಗಿ ಸುದ್ದಿ ಓದಿ ಭಾಳ ಸಂಕಟ ಆತು. ನನ್ನ ಮದುವಿ ಆಗಿದ್ದು ಟಿಬಿ ವಾಸಿ ಆದ ಮ್ಯಾಲೆ, ನಮ್ಮ ಮನಿಯವ್ರಿಗೆ ಮೊದಲ ಎಲ್ಲಾ ಹೇಳಿದ್ದೆ, ಅವ್ರೇನೂ ಅನ್ಲಿಲ್ಲ, ಇಬ್ಬರು ಮಕ್ಕಳದಾರ, ಗಟ್ಟಿಮುಟ್ಟ ಅದಾರ. ತಂಗಿಗೆ ಇದನ್ನ ಹೇಳ್ರಿ.

ಇಲ್ಲಿ ತಿಳದವ್ರು ಅದಾರ ಅಂತ ನಂದೂ ಒಂದು ಕೇಳ್ತೀನ್ರಿ. ಗುಳಿಗಿ ಸುರು ಮಾಡಿ ಸ್ವಲ್ಪ ದಿನಕ್ಕ ನಂಗ ಊಟ ಸೇರವಲ್ತು, ಬರೇ ವಾಂತಿ, ಕಣ್ಣು ಹಳದಿ ಆತು. ರಕ್ತ ತಪಾಸ ಮಾಡಿದ್ರ ಲಿವರ್‌ಗೆ ಪೆಟ್ಟು ಬಿದ್ದೈತಿ ಅಂದ್ರು. ಎಲ್ಲಾ ಗುಳಿಗಿ ನಿಂದ್ರಿಸಿ, ಲಿವರ್ ಸರಿ ಆದ ಮ್ಯಾಲೆ ಒಂದೊಂದ ಗುಳಿಗಿ ವಾಪಸ್ ಸುರು ಮಾಡಿದ್ರು. ಅದ ವಾರ್ಡಿನ್ಯಾಗ ನನ್ನ ಬಾಜೂ ಮಂಚದಾಕಿಗೆ ಅದ ಗುಳಿಗಿ, ಆಕಿಗೆ ಏನೂ ಆಗ್ಲಿಲ್ಲ. ಇದೂ ಜೀನಿಂದೇ ಏನ್ರಿ?

ತುಂಗಾ_ತೀರ:

ಅಕ್ಕಾ, ನೀವು ಕೇಳಿದ್ದೇ ಇಡೀ ವಿಷ್ಯದಲ್ಲಿ ಜೀನಿಗೆ ನೇರ ಸಂಬಂಧ ಇರೋದು, ನಾನು ಅದನ್ನ ಮೊದಲೇ ಬರೀಬೇಕಿತ್ತು ಅನ್ನೋಷ್ಟು ಒಳ್ಳೇ ಪ್ರಶ್ನೆ.

ಐಸೋನಿಯಾಜಿಡ್ ಅನ್ನೋ ಟಿಬಿ ಗುಳಿಗೆ 1952ರಿಂದ ಬಳಕೇಲಿದೆ. ಅದನ್ನ ಲಿವರ್ ಒಳಗೆ ಕರಗಿಸಿ ಹೊರಗೆ ಹಾಕೋ ಒಂದು ಕಿಣ್ವ ಇದೆ, ನ್ಯಾಟ್-2 ಅನ್ನೋ ಜೀನ್ ಅದನ್ನ ತಯಾರಿಸುತ್ತೆ. ಕೆಲವರಲ್ಲಿ ಅದು ಚುರುಕು, ಕೆಲವರಲ್ಲಿ ನಿಧಾನ, ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿಧಾನದ ಗುಂಪಿನೋರು. ನಿಧಾನ ಇದ್ದೋರ ರಕ್ತದಲ್ಲಿ ಅದೇ ಡೋಸ್ ಗುಳಿಗೆ ಹೆಚ್ಚು ಹೊತ್ತು ನಿಲ್ಲುತ್ತೆ, ಲಿವರ್‌ಗೆ ಪೆಟ್ಟು ಬೀಳೋ ಸಾಧ್ಯತೆ ಅವ್ರಲ್ಲೇ ಜಾಸ್ತಿ. ಜಪಾನಿನಲ್ಲಿ ಜೀನ್ ನೋಡಿ ಡೋಸ್ ಇಳಿಸಿದ, ಏರಿಸಿದ ಒಂದು ಪ್ರಯೋಗ 2013ರಲ್ಲಿ ಬಂತು, ನಿಧಾನದ ಗುಂಪಿನೋರಿಗೆ ಡೋಸ್ ಕಮ್ಮಿ ಮಾಡಿದಾಗ ಲಿವರ್ ತೊಂದ್ರೆ ತಪ್ಪಿತು. ನಿಮ್ ಜೀನ್ ನೋಡದೆ ನಿಮಗೆ ಅದೇ ಕಾರಣ ಅಂತ ನಾನು ಹೇಳಕ್ಕಾಗಲ್ಲ, ಇನ್ನೊಂದು ಟಿಬಿ ಗುಳಿಗೆ ಪಿರಾಜಿನಮೈಡ್ ಕೂಡ ಲಿವರ್‌ಗೆ ಬಾಧೆ ಕೊಡುತ್ತೆ.

ಇದೇ ಥರ ಹಳೇ ಇಂಜೆಕ್ಷನ್‌ಗಳದ್ದು. ಸ್ಟ್ರೆಪ್ಟೋಮೈಸಿನ್, ಕನಾಮೈಸಿನ್ ಚುಚ್ಚಿಸ್ಕೊಂಡು ಕಿವಿ ಹೋದೋರು ನಮ್ ಹಿಂದಿನ ತಲೆಮಾರಲ್ಲಿ ಬೇಕಾದಷ್ಟು ಜನ ಇದಾರೆ. ಡೋಸ್ ಜಾಸ್ತಿ ಆದ್ರೆ ಯಾರಿಗಾದ್ರೂ ಆಗಬಹುದು, ಆದ್ರೆ ಮೈಟೋಕಾಂಡ್ರಿಯಾ (ಕೋಶಕ್ಕೆ ಶಕ್ತಿ ಕೊಡೋ ಭಾಗ) ಡಿಎನ್ಎನಲ್ಲಿ 1555ನೇ ಜಾಗದ ಒಂದು ಅಕ್ಷರ ಬದಲಾಗಿದ್ರೆ ಕೆಲವೇ ಇಂಜೆಕ್ಷನ್‌ಗೆ ಕಿವುಡಾಗಬಹುದು. ಮೈಟೋಕಾಂಡ್ರಿಯಾ ಬರೋದು ತಾಯಿ ಕಡೆಯಿಂದ ಮಾತ್ರ, ಹಾಗಾಗಿ ಅಮ್ಮನ ಕಡೆ ಯಾರಿಗಾದ್ರೂ ಇಂಜೆಕ್ಷನ್ ಆದ್ಮೇಲೆ ಕಿವಿ ಕೇಳದೇ ಹೋಗಿದ್ರೆ ಡಾಕ್ಟ್ರಿಗೆ ಹೇಳಲೇಬೇಕು. ಈಗ ರೆಸಿಸ್ಟೆಂಟ್ ಟಿಬಿಗೂ ಬಹುತೇಕ ಗುಳಿಗೇಲೇ ಚಿಕಿತ್ಸೆ ಇರೋದು ದೊಡ್ಡ ಸಮಾಧಾನ.

ಕುಡ್ಲದ_ಡಾಕ್ಟ್ರು:

ಚರ್ಚೆ ಚೆನ್ನಾಗಿದೆ, ಆದ್ರೆ ಹಿರಿಯೂರಿನ ಹುಡುಗನ ತಲೇಲಿ ಕೊನೆಗೆ ಜೀನ್ ಅನ್ನೋ ಪದ ಮಾತ್ರ ಉಳಿಬಾರ್ದು ಅಂತ ನನ್ನ ಆಸೆ. ನಮ್ಮ ಮಂಗಳೂರಿನ ಯೆನೆಪೊಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಇವರ ತಂಡ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಮಾಡಿದ ಕೆಲಸ 2023ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2800 ಟಿಬಿ ರೋಗಿಗಳು, ಅವರ ಮನೆಗಳ 10,345 ಜನ. ಒಂದಷ್ಟು ಮನೆಗಳಲ್ಲಿ ರೋಗಿಗೆ ಮಾತ್ರ ಆಹಾರದ ಕಿಟ್, ಇನ್ನೊಂದಷ್ಟು ಮನೆಗಳಲ್ಲಿ ರೋಗಿಯ ಜೊತೆ ಮನೆಯವರಿಗೆಲ್ಲ ಪ್ರತಿ ತಿಂಗಳು ಅಕ್ಕಿ, ಬೇಳೆ, ವಿಟಮಿನ್ ಗುಳಿಗೆ. ಮನೆಯವರಿಗೂ ಆಹಾರ ಕೊಟ್ಟ ಕಡೆ ಅವರಲ್ಲಿ ಹೊಸದಾಗಿ ಟಿಬಿ ಬೀಳೋದು ಸುಮಾರು ಶೇಕಡಾ 40 ಇಳೀತು, ಕಫದಲ್ಲಿ ಕಾಣಿಸೋ ಶ್ವಾಸಕೋಶದ ಟಿಬಿ ಹತ್ರತ್ರ ಅರ್ಧ ಇಳೀತು. ಯಾರ ಜೀನನ್ನೂ ಯಾರೂ ಮುಟ್ಟಿಲ್ಲ ಇಲ್ಲಿ. ಹುಡುಗನ ಕಡೆಯವರು ವಂಶ ಅಂತ ಕರೀತಿರೋದರಲ್ಲಿ ಎಷ್ಟು ಭಾಗ ತಟ್ಟೆಲಿ ಇದೆ ಅಂತ ಇದರಿಂದ ಗೊತ್ತಾಗುತ್ತೆ.

ನನಗೆ ನಿಜವಾಗಿ ಬೇಜಾರು ಏನಂದ್ರೆ, ಜೀನೋಮ್ ಅಂದ ಕೂಡಲೇ ಎಲ್ಲರ ಕಣ್ಣು ಅರಳುತ್ತೆ, ಬೇಳೆ ಅಂದ್ರೆ ಯಾರಿಗೂ ಸುದ್ದಿ ಅಲ್ಲ. ತಮ್ಮಾ, ಅಣ್ಣನ ತೂಕ ಎಷ್ಟಿದೆ? ಅಮ್ಮ, ತಂಗಿ, ಅಜ್ಜಿ ಯಾರಿಗಾದ್ರೂ ಕೆಮ್ಮು, ಸಂಜೆ ಜ್ವರ ಇದೆಯಾ? ಸಕ್ಕರೆ ಕಾಯಿಲೆ ಇದೆಯಾ? ಮನೆಯಲ್ಲಿ ಎಲ್ಲರ ಎಕ್ಸ್‌ರೇ ಆಗಿದೆಯಾ? ಇದು ಮೊದಲು.

ಬಿಳಿ_ಕೋಟು:

ಡಾಕ್ಟ್ರೇ, ಊಟದ ವಿಷ್ಯದಲ್ಲಿ ನಿಮ್ ಮಾತಿಗೆ ನನ್ನ ಎದುರಿಲ್ಲ, ಆದ್ರೆ ಬ್ಯಾಕ್ಟೀರಿಯಾ ಜೀನೋಮನ್ನ ಮನುಷ್ಯರ ಜೀನೋಮ್ ಜೊತೆ ಒಂದೇ ಚೀಲಕ್ಕೆ ಹಾಕ್ಬೇಡಿ. ಹುಡುಗನ ಅಣ್ಣಂಗೆ ಯಾವ ಗುಳಿಗೆ ಕೆಲಸ ಮಾಡುತ್ತೆ ಅನ್ನೋದು ಬ್ಯಾಕ್ಟೀರಿಯಾದ ಡಿಎನ್ಎ ಮೇಲೇ ನಿಂತಿದೆ, ಅದು ಇವತ್ತಿನ ಅಗತ್ಯ.

ಎಸ್ವಾಟಿನಿ ಅಂತ ಆಫ್ರಿಕಾದ ಚಿಕ್ಕ ದೇಶ, ಮುಂಚೆ ಸ್ವಾಜಿಲ್ಯಾಂಡ್ ಅಂತಿದ್ರು. ಅಲ್ಲಿ 2009ರ ಸಮೀಕ್ಷೆಲಿ ಸಿಕ್ಕ ಮಲ್ಟಿಡ್ರಗ್ ರೆಸಿಸ್ಟೆಂಟ್ (ಒಂದಕ್ಕಿಂತ ಹೆಚ್ಚು ಮುಖ್ಯ ಔಷಧಿಗೆ ಬಗ್ಗದ) ಟಿಬಿ ಸ್ಯಾಂಪಲ್‌ಗಳನ್ನ ಆಮೇಲೆ ನೋಡಿದ್ರೆ ಸುಮಾರು ಶೇಕಡಾ 30ರಲ್ಲಿ ರಿಫಾಂಪಿಸಿನ್ ಬದಲಾವಣೆ ಇದ್ದದ್ದು ಆ 81 ಅಕ್ಷರದ ತುಣುಕಿನ ಆಚೆ. ಮಷಿನ್ ಅವ್ರಿಗೆಲ್ಲಾ ರೆಸಿಸ್ಟೆನ್ಸ್ ಇಲ್ಲ ಅಂತಾನೇ ಹೇಳುತ್ತೆ, ಪಾಪ ಅವ್ರು ಕೆಲಸ ಮಾಡದ ಗುಳಿಗೆ ನುಂಗ್ತಾ ಇರ್ತಾರೆ, ಕೆಮ್ಮುತ್ತಾ ಅದೇ ಬ್ಯಾಕ್ಟೀರಿಯಾನ ಮನೆಯೋರಿಗೂ ಕೊಡ್ತಾ ಇರ್ತಾರೆ. ಈಗಿನ ಹೊಸ ಔಷಧಿ ಬೆಡಾಕ್ವಿಲಿನ್ ತಗೊಳ್ಳಿ, ಅದಕ್ಕೆ ರೆಸಿಸ್ಟೆನ್ಸ್ ತರೋ ಆರ್‌ವಿ-0678 ಜೀನಲ್ಲಿ ಬದಲಾವಣೆಗಳು ಒಂದು ಕಡೆ ಗುಂಪಾಗಿಲ್ಲ, ಜೀನಿನ ಉದ್ದಕ್ಕೂ ಚೆಲ್ಲಿವೆ. ಒಂದು ತುಣುಕು ನೋಡೋ ಮಷಿನ್ ಇಲ್ಲಿ ಸಾಲಲ್ಲ, ಪೂರ್ತಿ ಜೀನ್ ಓದ್ಬೇಕು. 2018ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸ್ಯಾಂಪಲ್ ಜೀನೋಮ್ ಓದಿ, ಮೊದಲ ಸಾಲಿನ ನಾಲ್ಕೂ ಔಷಧಿಗೆ ಕೆಲಸ ಮಾಡುತ್ತೋ ಇಲ್ವೋ ಅಂತ ನಂಬುವ ಮಟ್ಟಕ್ಕೆ ಹೇಳಬಹುದು ಅಂತ ತೋರ್ಸಿದ್ರು, ಇಂಗ್ಲೆಂಡಿನಲ್ಲಿ ಅಷ್ಟೊತ್ತಿಗಾಗಲೇ ಇದು ದಿನನಿತ್ಯದ ಟೆಸ್ಟ್ ಆಗಿತ್ತು. ಯಾವ ಬದಲಾವಣೆ ಯಾವ ಔಷಧಿನ ಕೆಡಿಸುತ್ತೆ ಅಂತ ಡಬ್ಲ್ಯುಎಚ್ಒ 2021ರಲ್ಲಿ ಪಟ್ಟಿ ಹೊರಡಿಸ್ತು, 2023ರಲ್ಲಿ ಇನ್ನೂ ದೊಡ್ಡದು ಮಾಡಿದೆ. ನಮ್ ಕಡೆನೂ ಇದು ಜಿಲ್ಲಾ ಮಟ್ಟಕ್ಕೆ ಬರಬೇಕು, ಕಾಯೋ ಪ್ರತಿ ವಾರನೂ ಒಬ್ಬ ಮನುಷ್ಯನ ಶ್ವಾಸಕೋಶದ ಲೆಕ್ಕದಲ್ಲಿ ಹೋಗುತ್ತೆ, ಅದನ್ನ ನಾನು ದಿನಾ ನೋಡ್ತೀನಿ.

ಹಿರಿಯೂರು, ಅಣ್ಣನ ಡಾಕ್ಟ್ರನ್ನ ಇದೊಂದು ಕೇಳಿ: ಫ್ಲೋರೋಕ್ವಿನೊಲೋನ್ (ಲೆವೊಫ್ಲಾಕ್ಸಾಸಿನ್ ಥರದ ಔಷಧಿಗಳ ಗುಂಪು) ರೆಸಿಸ್ಟೆನ್ಸ್ ರಿಪೋರ್ಟ್ ಬಂತಾ ಅಂತ. ಅಣ್ಣನ ಮುಂದಿನ ಚಿಕಿತ್ಸೆಗೂ ಅದು ಬೇಕು, ಮನೆಯೋರಿಗೆ ಕೊಡೋ ಮುನ್ನೆಚ್ಚರಿಕೆ ಗುಳಿಗೆಗೂ ಅದೇ ಬೇಕು.

ಹಿರಿಯೂರು_ಹುಡುಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಎರಡೂ ರಿಪೋರ್ಟ್ ಅಜ್ಜಿ ಮುಂದೆ ಇಟ್ಟು ಬಿಳಿ ಕೋಟು ಸರ್ ಹೇಳಿದ್ದನ್ನ ಹೇಳಿದೆ, ಅಜ್ಜಿ ಪೂರ್ತಿ ಒಪ್ಲಿಲ್ಲ ಆದ್ರೆ ಚಿಕ್ಕಪ್ಪಂಗೆ ಫೋನ್ ಮಾಡಿ ಊಟಕ್ಕೆ ಬಾ ಅಂದ್ರು. ಧಾರವಾಡದ ಅಕ್ಕ ಬರೆದಿದ್ದನ್ನ ತಂಗಿ ಓದಿದ್ಲು. ರಿಪೋರ್ಟಲ್ಲಿ ವೆರಿ ಲೋ ಅಂತಿಲ್ಲ, ಮೀಡಿಯಂ ಅಂತಿದೆ. ಎಲ್‌ಪಿಎ ಇನ್ನೂ ಬಂದಿಲ್ಲ. ಅಣ್ಣ ಆರು ತಿಂಗಳಲ್ಲಿ ತುಂಬಾ ಇಳ್ದೋಗಿದಾನೆ, ಈಗ 43 ಕೆಜಿ. ಅಮ್ಮಂಗೆ ಶುಗರ್ ಇದೆ, ಅವ್ರಿಗೆ ಕೆಮ್ಮು ಏನಿಲ್ಲ, ಹಂಗಾದ್ರೂ ಎಕ್ಸ್‌ರೇ ಬೇಕಾ? ಮುನ್ನೆಚ್ಚರಿಕೆ ಗುಳಿಗೆ ಅಂದ್ರಲ್ಲ, ಅದು ಎಲ್ರಿಗೂ ಕೊಡ್ತಾರಾ?

ಕುಡ್ಲದ_ಡಾಕ್ಟ್ರು:

ಬೇಕೇ ಬೇಕು, ಕೆಮ್ಮು ಇಲ್ಲದೇನೂ ಎಕ್ಸ್‌ರೇನಲ್ಲಿ ಕಾಣಿಸ್ಕೊಳ್ಳೋ ಟಿಬಿ ಬಹಳ, ಶುಗರ್ ಇದ್ದೋರಲ್ಲಿ ಅಪಾಯ ಇನ್ನೂ ಜಾಸ್ತಿ. ಮೊದಲು ಅಮ್ಮಂದೇ ಮಾಡ್ಸಿ, ಶುಗರ್ ಕೂಡ ಹಿಡಿತಕ್ಕೆ ತನ್ನಿ. ಮುನ್ನೆಚ್ಚರಿಕೆ ಗುಳಿಗೆ ಕೊಡೋದು ಟಿಬಿ ಇಲ್ಲ ಅಂತ ಖಾತ್ರಿ ಆದ್ಮೇಲೆ. ರೆಸಿಸ್ಟೆಂಟ್ ಟಿಬಿ ಇರೋರ ಮನೆಯೋರಿಗೆ ಲೆವೊಫ್ಲಾಕ್ಸಾಸಿನ್ ಆರು ತಿಂಗಳು ಕೊಡಬಹುದು ಅಂತ 2024ರಲ್ಲಿ ಡಬ್ಲ್ಯುಎಚ್ಒ ಹೇಳಿದೆ, ಆದ್ರೆ ಅಣ್ಣನ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗುತ್ತೆ ಅಂತ ಆದ್ರೆ ಮಾತ್ರ ಉಪಯೋಗ, ಅದಕ್ಕೇ ಆ ಎಲ್‌ಪಿಎ ರಿಪೋರ್ಟ್ ಬೇಕು ಅಂತ ಬಿಳಿ ಕೋಟು ಹೇಳಿದ್ದು. ಶುಗರ್ ಗುಳಿಗೆ ಜೊತೆ ಅದನ್ನ ತಗೊಂಡ್ರೆ ಶುಗರ್ ಏರುಪೇರಾಗುತ್ತೆ, ಅಮ್ಮನ ಡಾಕ್ಟ್ರಿಗೆ ಹೇಳಿ. 43 ಕೆಜಿ ಬಹಳ ಕಮ್ಮಿ ತಮ್ಮಾ, ಸರ್ಕಾರದ ಟಿಬಿ ಪೋರ್ಟಲ್ ನಿಕ್ಷಯ್‌ನಲ್ಲಿ ಅಣ್ಣನ ಬ್ಯಾಂಕ್ ಖಾತೆ ಸೇರ್ಸಿದಾರಾ ನೋಡಿ, ಪೋಷಣೆಗೆ ತಿಂಗಳಿಗೆ 1000 ರೂಪಾಯಿ ಬರುತ್ತೆ. ಮೊಟ್ಟೆ, ಕಡ್ಲೆ, ಬೇಳೆ ದಿನಾ ಇರ್ಲಿ, ಎರಡು ವಾರಕ್ಕೊಮ್ಮೆ ತೂಕ ಬರೆದಿಡಿ. ಎಕ್ಸ್‌ರೇಗೆ ಖಾಲಿ ಹೊಟ್ಟೆ ಏನೂ ಬೇಡ, ತಿಂಡಿ ತಿಂದ್ಕೊಂಡೇ ಹೋಗಿ, ಅಜ್ಜಿನೂ ಕರ್ಕೊಂಡು ಹೋಗಿ.